ಬೆನ್ನು ತಿರುಗಿಸಿ ಆರಿಸಿದ ಗಿಟಾರ್

"ನೀವು ನನಗ ಮೋಸ ಮಾಡೀರಿ!"

ರಜನಿಯ ದನಿಗೆ, ಮೂಲೆಯಲ್ಲಿ ಹಾರ್ಮೋನಿಯಂ ನೋಡುತ್ತಿದ್ದ ಗಿರಾಕಿ ಬೆಚ್ಚಿ ಕೈ ಹಿಂದಕ್ಕೆಳೆದುಕೊಂಡರು. ಹುಬ್ಬಳ್ಳಿಯ ಕೊಪ್ಪಿಕರ ರಸ್ತೆಯ ಒಳಗಲ್ಲಿಯಲ್ಲಿ ಖಾದರಬಾಷಾ ಚಾಚಾನ ವಾದ್ಯದಂಗಡಿ ಇದ್ದಷ್ಟು ಕಾಲವೂ ಅಲ್ಲಿ ಯಾರೂ ಹೀಗೆ ಕೂಗಾಡಿರಲಿಲ್ಲ.

ಕೌಂಟರಿನ ಆಚೆ ನಿಂತಿದ್ದ ಬಸವಕಿರಣ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟ. ಆ ಅಂಗಡಿಯಲ್ಲಿ ಗಿಟಾರ್ ರಿಪೇರಿ ಮಾಡುವವನೂ ಅವನೇ, ಗಿರಾಕಿಗಳಿಗೆ ನುಡಿಸಿ ತೋರಿಸುವವನೂ ಅವನೇ.

"ಏನಾತ್ರಿ?"

"ಏನಾತು ಅಂತ ನನ್ನನ್ನ ಕೇಳ್ತೀರೇನ್ರಿ? ಅವತ್ತ ನುಡಿಸಿದ್ದು ಒಂದು ಗಿಟಾರು, ಕಟ್ಟಿ ಕೊಟ್ಟಿದ್ದು ಇನ್ನೊಂದು! ಇದು ಹಾಡಂಗಿಲ್ಲ... ಕಿರಚತೈತಿ!"

ಅವಳು ಗಿಟಾರನ್ನು ಕೌಂಟರಿನ ಮೇಲಿಟ್ಟಳು. ಸಿಟ್ಟಿಗಿಂತ ಅವಳಿಗಿದ್ದದ್ದು ಹೆದರಿಕೆ, ಆದರೆ ಹಾಗಂತ ಒಪ್ಪಿಕೊಳ್ಳುವ ಹುಡುಗಿಯೇ ಅವಳು?

ಹೆದರಿಕೆಗೆ ಕಾರಣ ಪಕ್ಕದಲ್ಲೇ ನಿಂತಿತ್ತು. ಅದರ ಹೆಸರು ಅಲ್ಫಿಯಾ. ರಜನಿ ಸೇರಿದ್ದ ಧಾರವಾಡದ ಹುಡುಗಿಯರ ಬ್ಯಾಂಡಿಗೆ ಅವಳೇ ಹಾಡುಗಾರ್ತಿ, ಅವಳೇ ಯಜಮಾನಿ. ನಿನ್ನೆ ತಾಲೀಮಿನಲ್ಲಿ ಹಾಡುತ್ತಿದ್ದವಳು ನಡುವೆಯೇ ನಿಲ್ಲಿಸಿ ಕೇಳಿದ್ದಳು...

"ರಜನಿ, ಸ್ವರ ಬ್ಯಾರೆ ಕಡಿಗೇ ಹೊಂಟೈತಿ. ಇದು ಗಿಟಾರಿನ ತಪ್ಪೋ, ನಿನ್ನ ಕೈ ತಪ್ಪೋ? ಐತವಾರ ಶೋ ಐತಿ. ಕೈ ತಪ್ಪು ಇದ್ರ ಈಗ ಹೇಳಿಬಿಡು, ಗಿಟಾರಿಗ ಶಾಹೀನನ ಕರೀತೇನಿ."

ರಜನಿ ಸತ್ತೂರಿನ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ ಮಾಡುವವಳು. ದಿನವಿಡೀ ರಕ್ತದ ಸೀಸೆಗಳಿಗೆ ಕಂಡವರ ಹೆಸರು ಅಂಟಿಸುವುದೇ ಅವಳ ಕಾಯಕ. ಐತವಾರ ಮೊದಲ ಸಲ ಮೈಕಿನಲ್ಲಿ ಅವಳದೇ ಹೆಸರು ಕೂಗುವವರಿದ್ದರು... 'ಗಿಟಾರಿನಲ್ಲಿ ರಜನಿ!' ಅದನ್ನು ಕೇಳಬೇಕೆಂದು ಅವಳ ಜೀವ ಎಷ್ಟು ಹಪಹಪಿಸುತ್ತಿತ್ತು ಎಂಬುದು ಹೆತ್ತ ತಾಯಿಗೂ ಗೊತ್ತಿರಲಿಲ್ಲ.

ಹಾಗಾಗಿ "ಗಿಟಾರಿಂದೇ ತಪ್ಪು!" ಎಂದು ಪಟ್ಟು ಹಿಡಿದು, ಅದನ್ನು ರುಜುವಾತು ಮಾಡಲು ಅಲ್ಫಿಯಾಳನ್ನೂ ಎಳೆದುಕೊಂಡು ಬಂದಿದ್ದಳು.

"ಅವತ್ತ ನೀವು ನುಡಿಸಿದ್ದು ಮಹಾಗನಿ ಕಟಗಿ ನೆಕ್ಕಿಂದು, ಮೇಪಲ್ ಅಂತ ಸುಳ್ಳ ಹೇಳಿದ್ರಿ. ನನಗ ಕೊಟ್ಟಿದ್ದು ಮೇಪಲ್ಲಿಂದು. ಹೌದಿಲ್ಲೋ?"

ಬಸವಕಿರಣ ಗಿಟಾರನ್ನು ತನ್ನ ಕಡೆ ತಿರುಗಿಸಿ ನೋಡಿದ.

ಅವತ್ತು ನಡೆದದ್ದು ಅವನಿಗೆ ಚೆನ್ನಾಗಿ ನೆನಪಿತ್ತು. ಬೇಡವೆಂದರೂ ಮರೆಯುತ್ತಿರಲಿಲ್ಲ, ಆ ಮಾತು ಬೇರೆ!

ಮೊದಲು ಅವಳೇ ಎರಡು ತಂತಿ ಮೀಟಿ ನೋಡಿದ್ದಳು. ಅವನು, "ಕೈ ಸ್ವಲ್ಪ..." ಎಂದು ಬಾಯಿ ತೆರೆಯುವಷ್ಟರಲ್ಲಿ ಅವಳು ತಡೆದಿದ್ದಳು.

"ಕೈ ಇರ್ಲಿ ಬಿಡ್ರಿ. ಕಟಗಿ ಸುದ್ದಿ ಹೇಳ್ರಿ. ನೆಕ್ಕಿನ ಕಟಗಿ ಮ್ಯಾಲೇ ದನಿ ನಿಂತಿರತೈತಿ, ನಾ ಎಲ್ಲಾ ಓದೇನಿ."

"ಹಂಗಾರ ಕೇಳ್ರಿ. ಇವೆರಡಕ್ಕೂ ಬಾಡಿ ಒಂದೇ, ದನಿ ಹಿಡಿಯೋ ಪಿಕಪ್ ಒಂದೇ, ಬೆರಳಿಟ್ಟು ಒತ್ತೋ ನೆಕ್ ಮಾತ್ರ ಬ್ಯಾರೆ. ಮೇಪಲ್ ಗಟ್ಟಿ ಕಟಗಿ. ಮೀಟಿದ ಕೂಡ್ಲೇ ಉತ್ತರ ಕೊಡತೈತಿ, ದನಿ ಚೊಕ್ಕ. ಮಹಾಗನಿ ಸ್ವಲ್ಪ ಮೆತ್ತಗ, ದನಿ ಬೆಚ್ಚಗ. ಆದ್ರ ಫರಕ ಭಾಳ ಇಲ್ರಿ..."

"ಭಾಳ ಐತಿ!"

ಆಮೇಲೆ ಅಂಗಡಿಯ ಪದ್ಧತಿಯಂತೆ ಅವಳನ್ನು ರಸ್ತೆಯ ಕಡೆ ಮುಖ ಮಾಡಿ ಕೂರಿಸಿದ್ದರು. ಅಲ್ಲಿ ಯಾರು ಏನೇ ಕೊಳ್ಳಲಿ, ಬೆನ್ನು ತಿರುಗಿಸಿ ಕೂತೇ ಕೇಳಬೇಕು. ಇಲ್ಲದಿದ್ದರೆ ಜನ ಹೊಳಪು ನೋಡಿ ಮರುಳಾಗುತ್ತಾರೆ ಎಂಬುದು ಚಾಚಾನ ಲೆಕ್ಕ.

ಬಸವಕಿರಣ ಹಿಂದಿನಿಂದ ಒಂದಾದ ಮೇಲೊಂದು ನುಡಿಸಿದ. ಮೊದಲನೆಯದಕ್ಕೇ ಅವಳ ತಲೆ ನಿಧಾನಕ್ಕೆ ತೂಗತೊಡಗಿತು. ಜಡೆ ಬೆನ್ನ ಮೇಲೆ ಅತ್ತಿತ್ತ ಆಡಿತು. ನುಡಿಸುವುದು ಮುಗಿದರೂ ಅವಳು ತಿರುಗಲಿಲ್ಲ.

"ಇದೇ ಬೇಕು... ಇದು ಮಹಾಗನಿನ ಅಲ್ಲೇನ್ರಿ?"

"ಅಲ್ರಿ. ಮೇಪಲ್."

ನಾಲಿಗೆ ಕಚ್ಚಿಕೊಂಡು ಅವಳು ನಕ್ಕ ನಗು! ಅವನು ಅವತ್ತು ಚಹಾ ಕುಡಿಯುವುದನ್ನೇ ಮರೆತಿದ್ದ.

ಈಗ ಅದೇ ಹುಡುಗಿ ಎದುರಿಗೆ ನಿಂತು ಅವನನ್ನು ಮೋಸಗಾರ ಅನ್ನುತ್ತಿದ್ದಳು. ಅವಳ ಎಡಗೈ ಬೆರಳುಗಳ ತುದಿ ಕೆಂಪಾಗಿ, ತಂತಿಯ ಗೆರೆ ಆಳವಾಗಿ ಕೂತಿತ್ತು. ತಪ್ಪು ಎಲ್ಲಿದೆ ಎಂದು ಅವನಿಗೆ ಆ ಕ್ಷಣವೇ ತಿಳಿಯಿತು. ಆಂಪ್ಲಿಫಯರಿಗೆ ವೈರು ಸಿಕ್ಕಿಸಿ ಅದೇ ಗಿಟಾರನ್ನು ಒಂದು ನಿಮಿಷ ನುಡಿಸಿದರೆ ಸಾಕು, ಅವನ ಮೇಲಿನ ಅಪವಾದ ಅಲ್ಲೇ ಉದುರಿಬಿಡುತ್ತಿತ್ತು.

"ನುಡಿಸಿ ತೋರಿಸ್ರಿ ಹಂಗಾರ," ಎಂದಳು ಅಲ್ಫಿಯಾ, ತಣ್ಣಗೆ. "ಗಿಟಾರು ಸುಮಾರ ಐತೋ, ಈಕೀ ಕೈ ಸುಮಾರ ಐತೋ, ನನಗೂ ತಿಳೀಲಿ."

ರಜನಿಯ ಮುಖ ಬಿಳಿಚಿಕೊಂಡಿತು. ಕಣ್ಣು ತುಂಬಿ ಇನ್ನೇನು ತುಳುಕಬೇಕು...

'ನಾ ನುಡಿಸಿದ್ರ ಈಕೀ ಜಾಗಾ ಹೋತು!'

ಹಾಗೆಂದುಕೊಂಡ ಬಸವಕಿರಣ ಗಿಟಾರನ್ನು ಮುಟ್ಟಲಿಲ್ಲ.

"ನುಡಿಸೂದು ಬ್ಯಾಡ್ರಿ. ಗಿಟಾರು ಬದಲಿ ಆಗೇತಿ. ತಪ್ಪು ನಂದು."

ಗದ್ದಿಯ ಮೇಲೆ ಕೂತಿದ್ದ ಖಾದರಬಾಷಾ ಚಾಚಾ ಎದ್ದು ನಿಂತರು. ಅವರ ಗಡ್ಡ ಅದುರುತ್ತಿತ್ತು.

"ಕಿರಣ, ತಪ್ಪಿ ಆಗೇತೋ, ಬೇಕಂತ ಆಗೇತೋ ನಾ ಕೇಳಂಗಿಲ್ಲ. ಬೆನ್ನ ತಿರುಗಿಸಿ ಕುಂತವ್ರು ನಮ್ಮನ್ನ ನಂಬಿ ಕುಂತಿರ್ತಾರ. ಇದೊಂದಕ್ಕ ನನ್ನ ಅಂಗಡ್ಯಾಗ ಮಾಫಿ ಇಲ್ಲ. ಕೀಲಿ ಇಡು."

ಕೀಲಿಗೊಂಚಲು ಕೌಂಟರಿನ ಮೇಲೆ ಬಿದ್ದ ಸದ್ದು ರಜನಿಯ ಎದೆಗೇ ತಾಗಿತು. ಬಾಗಿಲು ದಾಟುವಾಗ ಅವನು ತಿರುಗಿ ಒಂದೇ ಮಾತು ಹೇಳಿದ.

"ಮಹಾಗನಿದು ತಗೊಂಡ ಹೋಗ್ರಿ. ಐತವಾರ ಛಲೋ ಆಗ್ಲಿ."

ಮೋಸ ಮಾಡಿದವನ ಕಣ್ಣು ಹಾಗಿರುತ್ತದೆಯೇ? ರಜನಿಗೆ ಗೆದ್ದ ಖುಷಿ ಒಂದಿಷ್ಟೂ ಆಗಲಿಲ್ಲ.

---

ಮನೆಗೆ ಬಂದವಳೇ ಮಹಾಗನಿ ನೆಕ್ಕಿನ ಗಿಟಾರು ತೊಡೆಯ ಮೇಲಿಟ್ಟುಕೊಂಡು ಕೂತಳು. ಅವತ್ತು ಅಂಗಡಿಯಲ್ಲಿ ಕೇಳಿದ ಆ ದನಿ ಈಗ ಬರಬೇಕು...

ಬರಲಿಲ್ಲ!

ಕಿರುಚಾಟ ಒಂಚೂರು ಮೆತ್ತಗಾಗಿತ್ತು, ಅಷ್ಟೇ. ಮತ್ತೆ ಮತ್ತೆ ನುಡಿಸಿದಳು. ಫೋನಿನಲ್ಲಿ ಸ್ವರ ಅಳೆಯುವ ಟ್ಯೂನರ್ ಹಾಕಿ ನೋಡಿದಳು. ಖಾಲಿ ತಂತಿ ಮೀಟಿದರೆ ಮುಳ್ಳು ನೆಟ್ಟಗೆ ನಿಲ್ಲುತ್ತಿತ್ತು. ಬೆರಳಿಟ್ಟು ಒತ್ತಿದರೆ ಪಕ್ಕಕ್ಕೆ ಜಿಗಿಯುತ್ತಿತ್ತು.

ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಅವ್ವ ಶರಣವ್ವ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು. ಗಿಟಾರಿನ ಗಂಧಗಾಳಿ ಇಲ್ಲದ ಉಪ್ಪಿನಬೆಟಗೇರಿಯ ಹೆಣ್ಣುಮಗಳು.

"ರಜನಿ, ಅದರ ಕುತ್ತಿಗಿ ಹಂಗ ಹಿಸಕಿದ್ರ ಅದಾದ್ರೂ ಹೆಂಗ ಹಾಡೀತು ನನ್ನವ್ವ?"

"ಅದು ಕುತ್ತಿಗಿ ಅಲ್ಲಬೇ, ನೆಕ್ಕು..." ಅಂದವಳು ಅಲ್ಲಿಗೇ ತಡೆದಳು.

ತನ್ನ ಕೈ ತಾನೇ ನೋಡಿಕೊಂಡಳು. ಬೆರಳಿನ ಗಿಣ್ಣುಗಳು ಬಿಳಿಚಿ ಹೋಗಿದ್ದವು. ಅವಳು ಕಲಿತದ್ದು ಸೋದರಮಾವನ ಹಳೆಯ ಗಿಟಾರಿನ ಮೇಲೆ. ಅದರ ತಂತಿಗಳು ಎತ್ತರಕ್ಕೆ ನಿಂತಿದ್ದವು, ಜೀವ ಹೋಗುವಂತೆ ಒತ್ತಿದರೆ ಮಾತ್ರ ದನಿ ಹೊರಡುತ್ತಿತ್ತು. ಆ ಒತ್ತುವ ಚಟ ಹಾಗೇ ಉಳಿದುಬಿಟ್ಟಿತ್ತು. ಹೊಸ ಗಿಟಾರಿನ ತೆಳ್ಳನೆಯ ತಂತಿ ಅಷ್ಟು ಒತ್ತಿದರೆ ಸೆಳೆದುಕೊಂಡು ಸ್ವರ ಏರದೆ ಇನ್ನೇನಾಗುತ್ತದೆ?

ಬೆರಳು ಸಡಿಲ ಬಿಟ್ಟು, ಹೆದರುತ್ತಲೇ ಒಮ್ಮೆ ಮೀಟಿದಳು.

ಟ್ಯೂನರಿನ ಮುಳ್ಳು ಅಲುಗಲಿಲ್ಲ. ಸ್ವರ ಉದ್ದಕ್ಕೆ, ತಿಳಿಯಾಗಿ ನಿಂತಿತು.

'ಕೈ ಸ್ವಲ್ಪ...' ಅಂದಿದ್ದನಲ್ಲ ಅವನು! ಮೊದಲ ದಿನವೇ ಹೇಳಲು ಬಂದಿದ್ದ. ಇವತ್ತು ಎಲ್ಲ ಗೊತ್ತಿದ್ದೂ... ನುಡಿಸಿ ತೋರಿಸ್ರಿ ಅಂದಾಗ ಗಿಟಾರು ಮುಟ್ಟಲೇ ಇಲ್ಲ.

ರಜನಿ ಗಿಟಾರಿನ ಮೇಲೆ ಬಾಗಿ ಬಿಕ್ಕಿ ಬಿಕ್ಕಿ ಅತ್ತಳು. ಅವ್ವ ಏನಾಯಿತೆಂದು ತಿಳಿಯದೆ ಹಿಟ್ಟಿನ ಕೈಯಿಂದಲೇ ತಲೆ ನೇವರಿಸಿದಳು.

ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಕೈಯನ್ನು ಹೇಗೋ ಸಂಭಾಳಿಸಿ ಐತವಾರ ದಾಟಿಸಬಹುದಿತ್ತು. ಮೈಕಿನಲ್ಲಿ ಹೆಸರು ಕೇಳಬಹುದಿತ್ತು. ಆ ಆಸೆ ಅವಳ ಮನಸ್ಸಿಗೆ ಬರಲೇ ಇಲ್ಲ ಅಂದರೆ ನಾನು ಸುಳ್ಳು ಹೇಳಿದಂತೆ. ಬಂತು, ಬಹಳ ಹೊತ್ತು ಕಾಡಿತು ಕೂಡ.

ಬೆಳಗಾದ ಮೇಲೆ ಅಲ್ಫಿಯಾಗೆ ಫೋನು ಮಾಡಿದಳು. "ಚಾಚಾನ ಅಂಗಡಿಗೆ ಬಾ. ಅಗದೀ ಜರೂರ ಐತಿ."

---

ಅಂಗಡಿಯಲ್ಲಿ ಮಹಾಗನಿಯದನ್ನು ಕೌಂಟರಿನ ಮೇಲಿಟ್ಟು, ಅದೇ ಮೇಪಲ್ ನೆಕ್ಕಿನ ಗಿಟಾರನ್ನು ಕೈಗೆ ತೆಗೆದುಕೊಂಡಳು. ಮೊದಲು ತನ್ನ ಚಟದಂತೆ ಒತ್ತಿ ನುಡಿಸಿದಳು. ಕಿರುಚಿತು. ಆಮೇಲೆ ಬೆರಳು ಸಡಿಲಿಸಿದಳು. ಹಾಡಿತು.

"ಗಿಟಾರು ಬದಲಿ ಆಗಿದ್ದಿಲ್ರಿ ಚಾಚಾ. ನನ್ನ ಕೈ ತಪ್ಪು. ನನ್ನ ಜಾಗಾ ಉಳೀಲಿ ಅಂತ ಅವ್ರು ಸುಳ್ಳ ಹೇಳ್ಯಾರ."

ಅಲ್ಫಿಯಾಳ ಮುಖ ಬಿಗಿದುಕೊಂಡಿತು.

"ಎಲ್ಲಾರ ಮುಂದ ಒಬ್ಬರನ್ನ ಕಳ್ಳ ಮಾಡಿದಿ ನೀ, ರಜನಿ."

"ಹೌದು."

"ಐತವಾರ ಶಾಹೀನ ನುಡಿಸ್ತಾಳ."

"ಗೊತ್ತೈತಿ..." ರಜನಿ ಗಿಟಾರನ್ನು ಕೆಳಗಿಳಿಸಿದಳು. ತಾನೇ ಮಾಡಿಕೊಂಡದ್ದು, ಯಾರನ್ನು ದೂರುವುದು?

ಅಲ್ಫಿಯಾ ಬಾಗಿಲ ತನಕ ಹೋದವಳು ನಿಂತಳು. "ಕೈ ಸುಧಾರಸ್ಕೊಂಡ ಬಾ. ಜಾಗಾ ಮತ್ತ ಕೊಡ್ತೇನಂತ ಹೇಳಂಗಿಲ್ಲ. ಆದ್ರ ಕೇಳ್ತೇನಿ."

ಚಾಚಾ ಗಲ್ಲಾಪೆಟ್ಟಿಗೆಯಿಂದ ಕೀಲಿಗೊಂಚಲು ತೆಗೆದು ರಜನಿಯ ಅಂಗೈಯಲ್ಲಿಟ್ಟರು.

"ನಾ ಕೇಳಂಗಿಲ್ಲ ಅಂದಿದ್ದೆ ನೋಡು ಬೇಟಾ... ಕೇಳಬೇಕಿತ್ತು. ಲಕಮನಹಳ್ಳ್ಯಾಗ ಅವನ ಕಾಕಾ ನೀಲಕಂಠಪ್ಪಂದು ಕಟಗಿ ಪೆಟಗಿ ಮಾಡೋ ಶೆಡ್ ಐತಿ. ಅಲ್ಲೇ ಇರ್ತಾನ. ನೀನ ಹೋಗಿ ಕೊಡು."

---

ಲಕಮನಹಳ್ಳಿಯ ಆ ಶೆಡ್ಡಿನಲ್ಲಿ ಗರಗಸದ ಸದ್ದಿಗೆ ಮಾತು ಕೇಳುತ್ತಿರಲಿಲ್ಲ. ಗಿಟಾರು ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತ ರಜನಿಯನ್ನು ನೋಡಿ ಬಸವಕಿರಣನ ಸುತ್ತಿಗೆ ಮೊಳೆ ಬಿಟ್ಟು ಹೆಬ್ಬೆರಳಿಗೆ ಬಿತ್ತು.

"ಅವ್ವಾ!"

"ಅಯ್ಯ... ಪೆಟ್ಟಾತೇನ್ರಿ?"

"ಇಲ್ಲ ಇಲ್ರಿ." ಕೈ ಝಾಡಿಸುತ್ತಲೇ ಹೊರಗೆ ಬಂದ. "ಇದೂ ಕಿರಚತೈತೇನ್ರಿ?"

ಅವನು ತಮಾಷೆಗೆ ಅಂದದ್ದು. ಅವಳ ಕಣ್ಣಿಂದ ನೀರು ಬಳಬಳ ಇಳಿಯಿತು. ಕೀಲಿಗೊಂಚಲನ್ನು ಮುಂದೆ ಹಿಡಿದಳು.

"ಚಾಚಾಗ ಎಲ್ಲಾ ಹೇಳಿ ಬಂದೇನ್ರಿ. ಅಲ್ಫಿಯಾನ ಮುಂದನ."

ಅವನ ಮುಖ ಇಳಿದುಹೋಯಿತು. "ಐತವಾರ...?"

"ಶಾಹೀನ ನುಡಿಸ್ತಾಳ."

"ಯಾಕ ಹೇಳಿದ್ರಿ? ನಾ ಅಷ್ಟೆಲ್ಲಾ..."

"ನೀವು ಯಾಕ ಸುಳ್ಳ ಹೇಳಿದ್ರಿ? ಮದಲ ಅದನ್ನ ಹೇಳ್ರಿ!" ಅಳುವಿನ ನಡುವೆಯೂ ಸಿಟ್ಟು ಬಂತು. "ನಾ ನಿಮಗ ಯಾರು? ಕೂಗ್ಯಾಡಿದಾಕಿ. ಕಳ್ಳ ಅಂದಾಕಿ!"

ಬಸವಕಿರಣ ಬೂಟಿನ ತುದಿಯಿಂದ ಕಟ್ಟಿಗೆಯ ಪುಡಿ ಸರಿಸಿದ.

"ಅಂಗಡ್ಯಾಗ ದಿನಾ ನುಡಸ್ತೇನ್ರಿ. ಬಂದವ್ರು ಗಿಟಾರು ಕೇಳ್ತಾರ. ಅವತ್ತ ನೀವು ಬೆನ್ನ ತಿರುಗಿಸಿ ಕುಂತಿದ್ರಿ, ನಾ ನುಡಿಸೂದು ಮುಗಿದ ಮ್ಯಾಲೂ ನಿಮ್ಮ ತಲಿ ತೂಗಾಕತ್ತಿತ್ತು. ನನ್ನನ್ನ ಹಂಗ ಯಾರೂ ಕೇಳಿದ್ದಿಲ್ರಿ... ಅದರ ಮುಂದ ಒಂದ ನೌಕರಿ ಏನ್ ದೊಡ್ಡದು ಅನ್ನಿಸ್ತು."

ಒಳಗೆ ಗರಗಸ ನಿಂತಿತು. ಒಮ್ಮೆಲೇ ಎಲ್ಲ ನಿಶ್ಶಬ್ದ. ತನ್ನ ಎದೆ ಬಡಿತ ಅವನಿಗೂ ಕೇಳಿಸುತ್ತದೇನೋ ಎಂದು ರಜನಿಗೆ ದಿಗಿಲಾಯಿತು. ಆದರೂ ಹೇಳಿದಳು. ಇಂದು ಹೇಳದಿದ್ದರೆ ಇನ್ನೆಂದೂ ಹೇಳಲಾರೆ ಎಂದು ಅವಳಿಗೆ ಗೊತ್ತಿತ್ತು.

"ನಾ ಅವತ್ತ ಮೇಪಲ್ಲೂ ಆರಿಸಿದ್ದಿಲ್ರಿ, ಮಹಾಗನಿನೂ ಆರಿಸಿದ್ದಿಲ್ಲ. ನಿಮ್ಮ ಕೈ ಆರಿಸಿದ್ದೆ. ತಿಳೀಲಿಲ್ಲ ನನಗ... ಈಗ ತಿಳದೈತಿ."

ಅವನು ತಲೆ ಎತ್ತಿದ. ಗಿಟಾರಿನ ಚೀಲದ ಕಡೆ ಕೈ ತೋರಿಸಿದ.

"ಯಾವದು ತಂದೀರಿ?"

"ಎರಡ್ರಾಗ ಯಾವದು ಇಟಗೋಬೇಕು, ನೀವ ಹೇಳ್ರಿ."

"ಮಹಾಗನಿ ಒಂಚೂರು ತಪ್ಪು ಮುಚ್ಚತೈತ್ರಿ. ಮೇಪಲ್ ಮುಚ್ಚಂಗಿಲ್ಲ. ಇದ್ದದ್ದ ಇದ್ದಂಗ ಹೇಳತೈತಿ."

"ಹಂಗಾರ ಮೇಪಲ್ಲೇ ಇರ್ಲಿ. ಅದನ್ನ ತಂದೇನಿ. ಮುಚ್ಚೂದು ಸಾಕಾಗೇತಿ ನನಗ." ಅವಳು ಕಣ್ಣೊರೆಸಿಕೊಂಡಳು. "ಕೈ ಸಡ್ಲ ಬಿಡೂದು ಕಲಸ್ತೀರೇನ್ರಿ?"

"ಕಲಸ್ತೇನಿ. ಆದ್ರ ಲಗೂ ಬರಂಗಿಲ್ರಿ ಅದು. ಭಾಳ ದಿನಾ ಹಿಡೀತೈತಿ."

"ಹಿಡೀಲಿ."

ಅವನು ಅವಳಿಗೆಂದು ಒಂದು ಕಟ್ಟಿಗೆ ಪೆಟ್ಟಿಗೆಯನ್ನು ಬೇವಿನ ನೆರಳಿಗೆ ಎಳೆದು, ಇನ್ನೊಂದರ ಮೇಲೆ ತಾನು ಕೂತು ಗಿಟಾರು ತೊಡೆಗೇರಿಸಿಕೊಂಡ. ರಜನಿ ಅಂಗಡಿಯಲ್ಲಿ ಕೂತಂತೆಯೇ ರಸ್ತೆಯ ಕಡೆ ಮುಖ ಮಾಡಿ ಕೂತಳು. ಒಂದು ಗಳಿಗೆ ಹಾಗೇ ಇದ್ದು, ಪೆಟ್ಟಿಗೆಯ ಸಮೇತ ಅವನ ಕಡೆ ತಿರುಗಿದಳು.

"ಚಾಚಾನ ಪದ್ಧತಿ ಮರತ್ರೇನ್ರಿ?" ಅವನ ತುಟಿಯಲ್ಲಿ ಈಗ ನಗು ಬಂತು.

"ಆರಿಸೂದು ಮುಗದೈತಲ್ರಿ. ಇನ್ನ ನೋಡಕೋತ ಕೇಳ್ತೇನಿ," ಎಂದಳು ರಜನಿ. "ನುಡಸ್ರಿ."