ಬಲಗಣ್ಣಿನ ಬಳೆ

ಮೊದಲು ಕಂಡದ್ದು ಒಂದೇ ಬಾತು. ಹೊಟ್ಟೆ ಮೇಲಾಗಿ ತೇಲುತ್ತಿತ್ತು. ಅದರ ಹಿಂದೆ ಇನ್ನೊಂದು. ಜೊಂಡಿನ ಸಂದಿಯಲ್ಲಿ ದೋಣಿ ತಿರುಗಿಸುವಷ್ಟರಲ್ಲಿ ಎಣಿಕೆ ಮೂವತ್ತೊಂದು ಮುಟ್ಟಿತು. ಎಲ್ಲವೂ ಸೂಜಿಬಾಲದ ಬಾತುಗಳು. ನೀರಿನ ಮೇಲೆ ಅಲ್ಲಲ್ಲಿ ನೀಲಿ ಬಣ್ಣ ಹತ್ತಿದ ಭತ್ತ.

"ವಿಷ," ಎಂದೆ.

ನಾನು ಬಟಕೃಷ್ಣ. ಚಿಲಿಕಾ ಸರೋವರದ ಉತ್ತರ ದಡದ ನಳಪಡಾ ಊರಿನ ಹಕ್ಕಿ ಮಾರ್ಗದರ್ಶಿಗಳ ಸಂಘಕ್ಕೆ ಕಾರ್ಯದರ್ಶಿ. ಒಂದು ಕಾಲದಲ್ಲಿ ನಮ್ಮೂರ ಗಂಡಸರೆಲ್ಲ ಇದೇ ಬಾತುಗಳನ್ನು ಕೊಂದು ಮಾರಿದವರು. ಹನ್ನೆರಡು ವರ್ಷದ ಹಿಂದೆ ಸರೋವರದ ದೇವತೆ ತಾಯಿ ಕಾಳಿಜಾಯಿಯ ಮೇಲೆ ಆಣೆ ಮಾಡಿ ಬಲೆ, ಬಂದೂಕು ಕೆಳಗಿಟ್ಟೆವು. ಈಗ ಬಂದವರಿಗೆ ಹಕ್ಕಿ ತೋರಿಸಿ ಬದುಕುತ್ತೇವೆ. ಅಂದು ಎಲ್ಲರಿಗಿಂತ ಮೊದಲು ನೀರಿಗಿಳಿದು ಆಣೆ ಮಾಡಿದವನು ಕುಳಮಣಿ.

ದಡಕ್ಕೆ ಬಂದು ಎಲ್ಲ ದೋಣಿಗಳನ್ನೂ ಹುಡುಕಿದೆವು. ನೀಲಿ ಭತ್ತ ಮೆತ್ತಿದ ಚೀಲ ಸಿಕ್ಕಿತು. ಕುಳಮಣಿಯ ದೋಣಿಯ ಹಲಗೆಯ ಕೆಳಗೆ.

\* \* \*

ಅರಣ್ಯ ಇಲಾಖೆಗೆ ಫೋನ್ ಮಾಡಿದೆ. ಮಾಡದೆ ವಿಧಿಯಿರಲಿಲ್ಲ. ಹತ್ತು ಗಂಟೆಗೆ ದೋಣಿಯಲ್ಲಿ ಬರುವುದಾಗಿ ರೇಂಜರ್ ಹೇಳಿದರು. "ಯಾರು ಅಂತ ಗೊತ್ತಾದರೆ ಅವನೊಬ್ಬನೇ ಜೈಲಿಗೆ. ಗೊತ್ತಾಗದಿದ್ದರೆ ನಿಮ್ಮ ಸಂಘದ ಪರವಾನಗಿ ಇವತ್ತೇ ರದ್ದು."

ಆಗ ಏಳು ಗಂಟೆ. ನಾನು ಧೈರ್ಯವಂತನೇನಲ್ಲ. ಅದು ಊರಿಗೆಲ್ಲ ಗೊತ್ತು.

ಸಂಘದ ಕಚೇರಿಯಲ್ಲಿ ಕುಳಮಣಿ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದ. ತಲೆ ಎತ್ತಲಿಲ್ಲ.

"ನಾನು ಮಾಡಿಲ್ಲ, ಬಟ ಭಾಯಿ," ಎಂದ. ಒಂದೇ ಸಲ.

ಹೆಚ್ಚು ಮಾತಾಡಿದವನು ಗೋಲಖ್. ಅವನೂ ಮಾರ್ಗದರ್ಶಿ. ಹಕ್ಕಿ ಕೂಗಿದರೆ ಕಣ್ಣು ಮುಚ್ಚಿಕೊಂಡೇ ಹೆಸರು ಹೇಳುವ ಹಳಬ.

"ನನ್ನ ಬಾಯಲ್ಲಿ ಇದನ್ನ ಹೇಳಿಸ್ತಿದೀರಲ್ಲ," ಎಂದು ಮುಖ ಸಪ್ಪಗೆ ಮಾಡಿದ. "ನಿನ್ನೆ ಸಂಜೆ ಎಣಿಕೆಗೆ ಗೋಪುರ ಹತ್ತಿದ್ದೆ. ತುಳಸಿಗೆ ದೀಪ ಇಡೋ ಹೊತ್ತು. ಕುಳಮಣಿ ಜೊಂಡಿನೊಳಗೆ ಏನೋ ಎರಚ್ತಿದ್ದ. ಕೆಂಪು ಅಂಚಿನ ಗಾಮುಛಾ ಹೆಗಲ ಮೇಲಿತ್ತು. ಆಗ ಮೀನಿಗೆ ಏನೋ ಹಾಕ್ತಿದಾನೆ ಅಂದ್ಕೊಂಡೆ."

ಕುಳಮಣಿಯ ಹೆಗಲ ಮೇಲೆ ಈಗಲೂ ಅದೇ ಕೆಂಪು ಅಂಚಿನ ಬಟ್ಟೆ ಇತ್ತು.

ನನ್ನ ಅನುಮಾನ ಬೇರೆಯವನ ಮೇಲಿತ್ತು. ಒಣಮೀನಿನ ವ್ಯಾಪಾರಿ ನಬಘನ. ಹಿಂದೆ ನಮ್ಮ ಬಾತುಗಳನ್ನೆಲ್ಲ ಕೊಳ್ಳುತ್ತಿದ್ದವನು. ಹೋದ ವಾರ ಸಂತೆಯಲ್ಲಿ ಕುಳಮಣಿಗೂ ಅವನಿಗೂ ಕೈಕೈ ಮಿಲಾಯಿಸುವಷ್ಟು ಜಗಳವಾಗಿತ್ತು. ಚೀಲದ ಮೇಲೂ ಅವನ ಅಂಗಡಿಯ ಮುದ್ರೆ. "ಅವನೇ! ಅವನೇ!" ಎಂದು ಕೂಗಾಡಿ ಫೋನ್ ಹಚ್ಚಿದೆ. ಎತ್ತಿದ್ದು ಬಾಲುಗಾಂವ್ ಆಸ್ಪತ್ರೆಯ ದಾದಿ. ನಬಘನ ಎರಡು ದಿನದಿಂದ ಹೆಂಡತಿಯ ಹೆರಿಗೆಗೆ ಅಲ್ಲೇ ಬೀಡುಬಿಟ್ಟಿದ್ದ. ಹೆಣ್ಣು ಮಗುವಂತೆ. ಅವನ ಮುದ್ರೆಯ ಚೀಲವೇನೋ ಊರಿನ ಮನೆಮನೆಯಲ್ಲೂ ಸಿಗುತ್ತದೆ. ಶುಭಾಶಯ ಹೇಳಿ ಫೋನ್ ಇಟ್ಟೆ. ಇನ್ನೇನು ಮಾಡಲಿ?

\* \* \*

"ಬಟ ಭಾಯಿ, ಹೀಗೆ ಸುತ್ತಬೇಡಿ. ನನಗೆ ತಲೆ ತಿರುಗುತ್ತೆ," ಎಂದರು ಊರಿಗೆಲ್ಲ ಅಕ್ಕನಾದ ಸುಕಾಂತಿ ಅಪಾ.

ಸಂಘದ ದುರ್ಬೀನುಗಳೆಲ್ಲ ಇವರ ಸುಪರ್ದಿಯಲ್ಲಿವೆ. ಕಟಕ್‌ನ ಕನ್ನಡಕದಂಗಡಿಯೊಂದರಲ್ಲಿ ಹದಿನೆಂಟು ವರ್ಷ ಗಾಜು ಉಜ್ಜಿದ ಹೆಂಗಸು. ಬಂದವರು ದೊಡ್ಡ ದುರ್ಬೀನು ಕೇಳಿದರೆ ಇವರು ಮೊದಲು ಮುಖ ನೋಡುತ್ತಾರೆ, ಆಮೇಲೆ ಎಲ್ಲಿ ಕೂತು ನೋಡುತ್ತೀರಿ ಎಂದು ಕೇಳುತ್ತಾರೆ. ದೋಣಿಯಲ್ಲಾದರೆ ಎಂಟರದು, ಅಂದರೆ ಎಂಟು ಪಟ್ಟು ಹತ್ತಿರ ತರುವಂಥದು. ಅದಕ್ಕಿಂತ ಹೆಚ್ಚಿನದು ಕೊಟ್ಟರೆ ದೋಣಿ ಅಲುಗಿದಾಗ ಹಕ್ಕಿಯೂ ಕುಣಿಯುತ್ತದೆ. ಗೋಪುರಕ್ಕೆ ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ನಿಲ್ಲಿಸಿದ ಇಪ್ಪತ್ತರದು. ನಸುಕಿಗೆ ಏಳರದು. ಅದು ಅಷ್ಟು ಹತ್ತಿರ ತರುವುದಿಲ್ಲ, ಆದರೆ ಮುಂದಿನ ಗಾಜು ಅಗಲ, ಇರುವ ಚೂರುಪಾರು ಬೆಳಕನ್ನೆಲ್ಲ ಕಣ್ಣಿಗೆ ತಂದು ಸುರಿಯುತ್ತದೆ.

"ನೀರಲ್ಲಿ ಇನ್ನೂ ಒದ್ದಾಡೋ ಹಕ್ಕಿ ಇದ್ದರೆ ಎತ್ತಿ ತರೋಣ," ಎಂದು ಅವರು ಬಾಗಿಲ ಪಕ್ಕದ ಮೊಳೆಯಿಂದ ಏಳರದನ್ನು ತೆಗೆದರು. ಹೊರಗೆ ಮೋಡ, ಮಂಜು. ಬೆಳಕು ಇನ್ನೂ ಮಸುಕಾಗಿಯೇ ಇತ್ತು.

ಕಣ್ಣಿಗಿಟ್ಟರು. ಇಳಿಸಿದರು. ಮತ್ತೆ ಇಟ್ಟರು.

"ಭಾಯಿ, ಇವತ್ತು ಬೆಳಗ್ಗೆ ಇದನ್ನ ಯಾರಾದ್ರೂ ಮುಟ್ಟಿದ್ರಾ?"

"ಯಾರು ಮುಟ್ತಾರೆ? ಮಂಜಿಗೆ ಹೆದರಿ ಒಬ್ಬ ಅತಿಥಿಯೂ ಎದ್ದಿಲ್ಲ. ನಾನು ಹೋದಾಗ ಬರಿಗೈಯಲ್ಲಿ ಹೋದೆ."

"ಬೀಗದ ಕೈ?"

"ಹತ್ತು ಮಾರ್ಗದರ್ಶಿಗಳ ಹತ್ತಿರಾನೂ ಇದೆ. ನಸುಕಿಗೆ ಹೊರಡೋರಿಗೆ ಬೇಕಲ್ಲ."

ಅಪಾ ದುರ್ಬೀನನ್ನು ತಮ್ಮ ಕೊರಳಿಗೇ ಹಾಕಿಕೊಂಡು ಸೆರಗು ಮುಚ್ಚಿದರು. ಗಂಟೆ ಎಂಟು ದಾಟಿತ್ತು. ನನಗೆ ಅವರ ಮೇಲೆ ಸಿಟ್ಟು ಬಂತು. ಒಬ್ಬ ಮನುಷ್ಯನ ಬದುಕು ಮುಳುಗುತ್ತಿರುವಾಗ ಇವರಿಗೆ ಗಾಜಿನ ಚಿಂತೆ!

\* \* \*

ಗೋಪುರ ಹತ್ತುವಾಗ ನನಗೆ ಏದುಸಿರು. ಅಪಾ ಇಪ್ಪತ್ತರದರ ಮುಂದೆ ಬಗ್ಗಿ, ಅದನ್ನು ಮುಟ್ಟದೆ ಬರೀ ನೋಡಿದರು.

"ನಿನ್ನೆ ಮಧ್ಯಾಹ್ನ ನಾನು ಸೊನ್ನೆಗೆ ತಂದು ಇಟ್ಟ ಹಾಗೇ ಇದೆ."

"ಅಂದ್ರೆ?"

"ಬಲಗಣ್ಣಿನ ಕೊಳವೆಗೆ ಒಂದು ಬಳೆ ಇರುತ್ತಲ್ಲ ಭಾಯಿ. ಒಬ್ಬೊಬ್ಬರ ಎರಡು ಕಣ್ಣೂ ಸಮ ಇರಲ್ಲ. ಆ ವ್ಯತ್ಯಾಸವನ್ನ ಈ ಬಳೆ ತಿರುಗಿಸಿ ತುಂಬ್ಕೋಬೇಕು. ಮಧ್ಯಾಹ್ನ ಈ ಗೋಪುರದ್ದನ್ನ, ಸಂಜೆ ಬೀಗ ಹಾಕೋ ಮುಂಚೆ ಕೆಳಗಿನ ಎಲ್ಲ ದುರ್ಬೀನನ್ನೂ ನಾನು ಸೊನ್ನೆಗೆ ತರ್ತೀನಿ. ಬೆಳಗ್ಗೆ ಬಂದವರು ತಮಗೆ ಬೇಕಾದಂಗೆ ತಿರುಗಿಸ್ಕೊಳ್ಳಲಿ ಅಂತ."

"ಗೋಲಖ್ ಕಣ್ಣು ಸಮ ಇರಬಹುದು. ತಿರುಗಿಸದೇ ನೋಡಿರಬಹುದು."

"ಇರಬಹುದು. ಆದ್ರೆ ದೀಪ ಇಡೋ ಹೊತ್ತಲ್ಲಿ ಇದರೊಳಗೆ ಕೆಂಪು ಅಂಚು ಹೇಗೆ ಕಾಣ್ತು? ಇಪ್ಪತ್ತು ಪಟ್ಟು ಹತ್ತಿರ ತರೋ ಕಣ್ಣಿಗೆ ಬೆಳಕು ಜಾಸ್ತಿ ಬೇಕು. ಆ ಹೊತ್ತಿಗೆ ಇದರಲ್ಲಿ ಕಾಣೋದು ಬರೀ ಬೂದಿ."

ಕೆಳಗೆ ದಡದಲ್ಲಿ ಕುಳಮಣಿಯ ಹೆಂಡತಿ ಒಂದು ಬಟ್ಟಲು ಪಖಾಳ, ನೀರಲ್ಲಿ ನೆನೆಸಿದ ತಂಗಳನ್ನ, ಹಿಡಿದು ಕಚೇರಿಯ ಮುಂದೆ ನಿಂತಿದ್ದಳು. ಗಂಡ ತಿನ್ನುತ್ತಿಲ್ಲವೆಂದು ಕಾಣುತ್ತದೆ. ಅವಳು ವಾಪಸ್ಸೂ ಹೋಗುತ್ತಿರಲಿಲ್ಲ.

\* \* \*

ಹತ್ತಕ್ಕೆ ಹತ್ತು ನಿಮಿಷ. ಮಂಜು ಕರಗಿತ್ತು. ಹತ್ತೂ ಜನ ಮಾರ್ಗದರ್ಶಿಗಳು ದಡದಲ್ಲಿ ಗುಂಪಾಗಿ ನಿಂತಿದ್ದರು. ದೂರದಲ್ಲಿ ಮೋಟಾರು ದೋಣಿಯ ಸದ್ದು.

"ಯಾರು ಬರ್ತಿದಾರೆ ನೋಡ್ರಪ್ಪ," ಎಂದು ಅಪಾ ಏಳರದನ್ನು ಹತ್ತಿರದವನ ಕೈಗೆ ಕೊಟ್ಟರು.

ಅವನು ಕಣ್ಣಿಗಿಟ್ಟು ಮುಖ ಸಿಂಡರಿಸಿದ. "ಬಲಗಡೆ ಮಬ್ಬು. ತಿರುಗಿಸಲಾ ಅಪಾ?"

"ಬೇಡ, ಮುಂದಕ್ಕೆ ಕೊಡು."

ಎರಡನೆಯವನಿಗೂ, ಮೂರನೆಯವನಿಗೂ ಮಬ್ಬು. ಕುಳಮಣಿಯನ್ನೂ ಕರೆದು ನೋಡಿಸಿದರು. ಅವನು ಎಡಗಣ್ಣು ಮುಚ್ಚಿಕೊಂಡು, "ಸರಿಯಾಗಿ ಕಾಣ್ತಿಲ್ಲ," ಎಂದು ಹಿಂದಿರುಗಿಸಿದ. ನಾನೂ ನೋಡಿದೆ. ಎಡಗಣ್ಣಿಗೆ ನೀರು, ಬಲಗಣ್ಣಿಗೆ ಹಾಲು ಕಲಸಿದ ಹಾಗಿತ್ತು.

ಆರನೆಯವನು ಗೋಲಖ್. ಎತ್ತಿಕೊಂಡ. ಎರಡು ಕಣ್ಣನ್ನೂ ಒತ್ತಿ ನೋಡಿದ. ಒಮ್ಮೆ ಎಡಗಣ್ಣು ಮುಚ್ಚಿದ, ಒಮ್ಮೆ ತೆರೆದ.

"ರೇಂಜರ್ ಸಾರೇ. ಮುಂದೆ ನಿಂತಿದಾರೆ. ಪಕ್ಕದಲ್ಲೊಬ್ಬ ಕೊಡೆ ಹಿಡಿದಿದಾನೆ. ಚೆನ್ನಾಗೇ ಕಾಣ್ತಿದೆಯಲ್ಲ, ನಿಮಗೆಲ್ಲ ಏನಾಗಿದೆ?"

ಅಪಾ ಜೋಳಿಗೆಯಿಂದ ಎಂಟರದೊಂದನ್ನು ತೆಗೆದು ಕೊಟ್ಟರು.

"ಇದರಲ್ಲೂ ನೋಡು. ನಿನಗೆ ಸರಿಯಾಗೋ ಹಾಗೆ ಮಾಡ್ಕೋ."

ಗೋಲಖ್‌ನ ಬೆರಳು ತಾನಾಗಿ ಬಲಗಡೆಯ ಬಳೆಗೆ ಹೋಯಿತು. ಕೊನೆಯ ತನಕ ತಿರುಗಿಸಿತು. ಅಪಾ ಅದನ್ನು ಅವನ ಕೈಯಿಂದ ಮೆಲ್ಲಗೆ ತೆಗೆದುಕೊಂಡು, ಎರಡೂ ದುರ್ಬೀನುಗಳನ್ನು ದೋಣಿಯ ಹಲಗೆಯ ಮೇಲೆ ಅಕ್ಕಪಕ್ಕ ಇಟ್ಟರು. ಎರಡರ ಬಳೆಗಳೂ ಒಂದೇ ಕಡೆ, ಕೊಟ್ಟಕೊನೆಯಲ್ಲಿ ನಿಂತಿದ್ದವು.

"ನಿನ್ನೆ ಬೀಗ ಹಾಕುವಾಗ ಈ ಏಳರದು ಸೊನ್ನೆಯಲ್ಲಿತ್ತು," ಎಂದರು. "ಬೆಳಕು ಹರಿಯೋ ಮುಂಚೆ ಯಾರೋ ತಗೊಂಡು ಹೋಗಿದಾರೆ. ಹೊರಗಿನ ಕಳ್ಳ ಆಗಿದ್ದರೆ ಎಲ್ಲಕ್ಕಿಂತ ದೊಡ್ಡದು ಎತ್ಕೋತಿದ್ದ. ನಸುಕಲ್ಲಿ ಬಾತು ಎಲ್ಲಿ ಕೂತಿದೆ ಅಂತ ನೋಡೋಕೆ ಇದೇ ಬೇಕು ಅಂತ ಗೊತ್ತಿರೋದು ನಮ್ಮವರಿಗೆ ಮಾತ್ರ. ಕೆಲಸ ಮುಗಿಸಿ ಒರೆಸಿ, ಅದೇ ಮೊಳೆಗೆ ತೂಗುಹಾಕಿದ. ಆದ್ರೆ ಬಳೆ ತಿರುಗಿಸಿದ್ದು ಅವನಿಗೆ ನೆನಪೇ ಇರಲಿಲ್ಲ. ತಿಂಗಳುಗಳಿಂದ ಯಾವ ದುರ್ಬೀನು ಹಿಡಿದ್ರೂ ಕೈ ಹಾಗೇ ಮಾಡುತ್ತೆ. ನೆನಪಾಗಿದ್ದರೂ ಆ ನಸುಕಲ್ಲಿ ಸೊನ್ನೆಯ ಆ ಸಣ್ಣ ಚುಕ್ಕಿ ಕಾಣ್ತಿರಲಿಲ್ಲ. ಬಳೆ ಇಷ್ಟು ತಿರುಗಿಸಬೇಕಾದ್ರೆ ಆ ಕಣ್ಣು ತುಂಬಾ ಮಂಜಾಗಿರಬೇಕು. ಗೋಲಖ್, ಬಲಗಣ್ಣಿಗೆ ಯಾವಾಗಿಂದ ಪೊರೆ ಬಂದಿದೆ?"

ಗೋಲಖ್ ದೋಣಿಯ ಅಂಚಿನ ಮೇಲೆ ಕುಸಿದು ಕೂತ.

"ಸೋಮವಾರ ಮಾರ್ಗದರ್ಶಿಗಳ ಕಣ್ಣು ಪರೀಕ್ಷೆ," ಎಂದ. "ಫೇಲಾದ್ರೆ ಕುತ್ತಿಗೆಗೆ ಹಾಕಿದ ಗುರುತಿನ ಚೀಟಿ ಕಿತ್ಕೋತಾರೆ. ಇದು ಬಿಟ್ರೆ ನನಗೆ ಗೊತ್ತಿರೋ ಕೆಲಸ ಬಲೆ ಹಾಕೋದು. ಕುಳಮಣಿಗೆ ನನ್ನ ಕಣ್ಣಿನ ವಿಷಯ ಗೊತ್ತಾಗಿಬಿಡ್ತು. ನೀನು ಹೇಳ್ತೀಯೋ ನಾನು ಹೇಳಲೋ ಅಂದ. ಮೊದಲು ಇವನ ಮಾತನ್ನೇ ಯಾರೂ ನಂಬದ ಹಾಗೆ ಮಾಡೋಣ ಅಂತ ಚೀಲ ಇವನ ದೋಣಿಯಲ್ಲಿಟ್ಟೆ... ನಾಲ್ಕೈದು ಹಕ್ಕಿ ಸತ್ತರೆ ಸಾಕು ಅಂದ್ಕೊಂಡಿದ್ದೆ. ಇಷ್ಟೊಂದು ಅಂತ ಗೊತ್ತಿರಲಿಲ್ಲ, ತಾಯಾಣೆ."

"ತಾಯಿ ಹೆಸರು ಎತ್ತಬೇಡ!" ಎಂದೆ. ಅಷ್ಟು ಗಟ್ಟಿಯಾಗಿ ನಾನು ಜನ್ಮದಲ್ಲಿ ಕೂಗಿರಲಿಲ್ಲ.

ರೇಂಜರ್ ಇಳಿದರು. ಕೇಳಿದರು. ಬರೆದುಕೊಂಡರು. ಪರವಾನಗಿಯ ಮಾತು ಎತ್ತಲಿಲ್ಲ.

ಗೋಲಖ್ ಮೋಟಾರು ದೋಣಿ ಹತ್ತುವಾಗ ಕುಳಮಣಿ ಅಡ್ಡ ಬಂದ. ಹೊಡೆದೇಬಿಡುತ್ತಾನೆ ಎಂದುಕೊಂಡೆವು. ಅವನು ಗಾಮುಛಾದ ಗಂಟು ಬಿಚ್ಚಿ ನಾಲ್ಕಾಗಿ ಮಡಿಸಿದ ಕಾಗದ ತೆಗೆದ.

"ಏನದು?" ಎಂದ ಗೋಲಖ್, ಎಡಗಣ್ಣಿನ ಹತ್ತಿರ ಹಿಡಿದು.

"ಭುವನೇಶ್ವರದ ಕಣ್ಣಾಸ್ಪತ್ರೆ ಚೀಟಿ. ನಿನ್ನ ಹೆಸರಲ್ಲಿ ಬರೆಸಿದ್ದೆ. ನಾಡಿದ್ದು ಆಪರೇಷನ್. ಪೊರೆ ತೆಗೆದ್ರೆ ಮೊದಲಿನ ಹಾಗೇ ಕಾಣುತ್ತೆ ಅಂದ್ರು. ಸಂಘಕ್ಕೆ ಹೇಳಿ ಒಂದು ತಿಂಗಳು ರಜೆ ಕೊಡಿಸ್ತೀನಿ ಅಂತ ಹೇಳೋಕೆ ಬಂದಿದ್ದೆ. ನೀನು ಪೂರ್ತಿ ಕೇಳಿಸ್ಕೊಳ್ಳದೇ ಎದ್ದು ಹೋದೆ."

ಗೋಲಖ್ ಕಾಗದವನ್ನು ಹಿಂದೆ ಕೊಡಲು ಕೈ ಚಾಚಿದ. ಕುಳಮಣಿ ತೆಗೆದುಕೊಳ್ಳಲಿಲ್ಲ. ದೋಣಿ ಹೊರಟಿತು.

ಅಪಾ ಹಲಗೆಯ ಮೇಲಿದ್ದ ಎರಡು ದುರ್ಬೀನುಗಳನ್ನೂ ಎತ್ತಿಕೊಂಡು, ಒಂದೊಂದಾಗಿ ಬಳೆ ತಿರುಗಿಸಿ ಸೊನ್ನೆಗೆ ತಂದರು. ಕುಳಮಣಿಯ ಹೆಂಡತಿ ಪಖಾಳದ ಬಟ್ಟಲನ್ನು ಇನ್ನೂ ಕೈಯಲ್ಲೇ ಹಿಡಿದಿದ್ದಳು. ಅವನು ಅದನ್ನು ತೆಗೆದುಕೊಂಡು ನೀರಿನ ಕಡೆ ಮುಖ ಮಾಡಿ ಕೂತ. ಬಹಳ ಹೊತ್ತು ಕಲಸುತ್ತಲೇ ಇದ್ದ.