ಡಬ್ಬಿ ಕಟ್ಟಿದವರು ಯಾರು

ಅಮೆರಿಕದ ಕೆನ್ಮೋರ್‌ನ ಮೈದಾನದ ಗೆರೆಯಾಚೆ, ಒದ್ದೆ ಹುಲ್ಲಿನ ಮೇಲೆ ಕೂತಿದ್ದ ಶೀತಲ್‌ಳ ಎಡಗೈಯ ಕಿರುಬೆರಳು ಹೊರಕ್ಕೆ ತಿರುಗಿ ನಿಂತಿತ್ತು. ತಂಡಕ್ಕೆ ಹೊಸದಾಗಿ ಬಂದಿದ್ದ ಫಿಜಿಯೋ ಮೊಣಕಾಲೂರಿ ಆ ಬೆರಳನ್ನು ಹಿಡಿದ. ಅವಳ ಬಾಯಿಂದ ತಾನಾಗಿ ಒಂದು ಮಾತು ಬಂತು.

“ಯವ್ವಾ...”

ಅವನ ಕೈ ತಡೆದು ನಿಂತಿತು. “ಕನ್ನಡದವ್ರಾ ನೀವು?”

ಅವಳು ತಲೆಯೆತ್ತಿ ಹೌದು ಅನ್ನುವಷ್ಟರಲ್ಲಿ ಬೆರಳನ್ನು ಎಳೆದು ಕೂರಿಸಿಬಿಟ್ಟಿದ್ದ.

“ಮಾತಿಗೆ ಹಚ್ಚಿ ಮೋಸಾ ಮಾಡಿದ್ರಿ,” ಎಂದಳು ಶೀತಲ್, ಕಣ್ಣಲ್ಲಿ ನೀರು ತುಂಬಿಕೊಂಡು.

“ಅದೇ ನನ್ನ ಕೆಲ್ಸ,” ಅಂದ ಅವನು, ಪಟ್ಟಿ ಸುತ್ತುತ್ತಾ.

ಅದು ಎರಡು ಸಾವಿರದ ನಾಲ್ಕರ ವಸಂತ. ಅವನ ಹೆಸರು ಅಭಯ, ಮೈಸೂರಿನವನು. ವಾರವಿಡೀ ಮಿಲ್ ಕ್ರೀಕ್‌ನ ಒಂದು ಕ್ಲಿನಿಕ್‌ನಲ್ಲಿ ಕೆಲಸ, ಶನಿವಾರ ಮಹಿಳೆಯರ ರಗ್ಬಿ ತಂಡದ ಜೊತೆ.

ಶೀತಲ್ ರಾಣೆಬೆನ್ನೂರಿನಿಂದ ಬಂದಾಗ ಒಂಬತ್ತು ವರ್ಷದವಳು. ಅಪ್ಪ ಅಡಿವೆಪ್ಪ ವಿಮಾನದ ಕಾರ್ಖಾನೆಯಲ್ಲಿ ಎಂಜಿನಿಯರ್. ಈಗ ಅವಳು ವುಡಿನ್‌ವಿಲ್‌ನ ನರ್ಸರಿಯೊಂದರಲ್ಲಿ ಮಣ್ಣಿನ ಚೀಲ ಹೊರುತ್ತಿದ್ದಳು, ಸಸಿ ಬದಲಿಸುತ್ತಿದ್ದಳು. ಶನಿವಾರ ಏಳನೇ ನಂಬರಿನ ಅಂಗಿ ತೊಡುತ್ತಿದ್ದಳು. ಏಳನೆಯವಳ ಕೆಲಸ ಸರಳ. ಚೆಂಡು ಯಾರ ಕೈಯಲ್ಲಿದೆಯೋ ಅವರನ್ನು ಎಲ್ಲರಿಗಿಂತ ಮೊದಲು ಮುಟ್ಟಬೇಕು, ಕೆಡವಬೇಕು, ಎದ್ದು ಮತ್ತೆ ಓಡಬೇಕು.

ಹೀಗೆ ಓಡಿಯೇ ಅವಳು ಇಪ್ಪತ್ತೊಂದಕ್ಕೆ ಅಮೆರಿಕದ ತಂಡ ಸೇರಿದ್ದಳು. ಇಂಗ್ಲೆಂಡ್, ನ್ಯೂಜಿಲೆಂಡ್ ತಿರುಗಿ ಆಡಿದ್ದಳು. ಆದರೆ ಎರಡು ಸಾವಿರದ ಎರಡರ ವಿಶ್ವಕಪ್‌ನಲ್ಲಿ ಒಂದು ನಿಮಿಷವೂ ಮೈದಾನಕ್ಕಿಳಿಯದೆ ಬೆಂಚಿನ ಮೇಲೆ ಕೂತು ಬಂದಿದ್ದಳು. ಮಣ್ಣೇ ಆಗದ ಆ ಅಂಗಿಯನ್ನು ಅವ್ವ ಗಂಗಮ್ಮ ಆದರೂ ಒಗೆದು ಮಡಿಚಿಟ್ಟಿದ್ದಳು. ಮುಂದಿನ ಸಲ ಆಡಲೇಬೇಕು... ಶೀತಲ್‌ಗೆ ಅದೊಂದೇ ಆಸೆ.

ಗಂಗಮ್ಮ ಪ್ರತಿ ಪಂದ್ಯಕ್ಕೂ ಬರುತ್ತಿದ್ದಳು. ಆದರೆ ನೋಡುತ್ತಿರಲಿಲ್ಲ. ಕಾರನ್ನು ಮೈದಾನಕ್ಕೆ ಬೆನ್ನು ಮಾಡಿ ನಿಲ್ಲಿಸಲು ಗಂಡನಿಗೆ ಹೇಳಿ, ಎಂಬತ್ತು ನಿಮಿಷವೂ ಒಳಗೇ ಕೂತಿರುತ್ತಿದ್ದಳು. ಮಗಳ ಕೈಯಲ್ಲಿ ಮಾತ್ರ ತಪ್ಪದೆ ಅವಳು ಕಟ್ಟಿದ ಡಬ್ಬಿ ಇರುತ್ತಿತ್ತು: ತೆಳ್ಳನೆಯ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ. ಆ ಡಬ್ಬಿಯಲ್ಲಿ ಅಭಯನಿಗೂ ಪಾಲು ಬಂತು. ಮೊದಲು ಒಂದು ರೊಟ್ಟಿ, ಆಮೇಲೆ ಎರಡು. ಅಷ್ಟು ಹೊತ್ತಿಗೆ ಅವರಿಬ್ಬರ ನಡುವೆ ಏನಾಗಿದೆಯೆಂದು ಇಡೀ ತಂಡಕ್ಕೆ ಗೊತ್ತಾಗಿತ್ತು.

ತಲೆಗೆ ಪೆಟ್ಟು ಬಿದ್ದವರನ್ನು ಫಿಜಿಯೋ ಕೇಳುವ ಪ್ರಶ್ನೆಗಳು ಇರುತ್ತವೆ. ಇದು ಯಾವ ಮೈದಾನ, ಎಷ್ಟನೇ ಅರ್ಧ, ಸ್ಕೋರ್ ಏನು, ಹೋದ ವಾರ ಯಾರ ಮೇಲೆ ಆಡಿದಿರಿ... ಆಟಗಾರ್ತಿಯರು ಅವನ್ನು ಬಾಯಿಪಾಠ ಮಾಡಿಕೊಂಡೇ ಇಳಿಯುತ್ತಿದ್ದರು. ಶೀತಲ್ ಅಂತೂ ಅವನು ಕೇಳಿ ಮುಗಿಸುವ ಮೊದಲೇ ಒಪ್ಪಿಸುತ್ತಿದ್ದಳು. ಅದಕ್ಕೇ ಅಭಯ ಅವಳೊಬ್ಬಳಿಗೆಂದು ಕನ್ನಡದಲ್ಲಿ ಇನ್ನೊಂದು ಪ್ರಶ್ನೆ ಇಟ್ಟುಕೊಂಡಿದ್ದ.

ಡಬ್ಬಿ ಕಟ್ಟಿದವರು ಯಾರು?

ಎರಡು ಸಾವಿರದ ಐದರ ಚಳಿಗಾಲದಲ್ಲಿ ಗಂಗಮ್ಮ ತೀರಿಹೋದಳು. ಆರು ವಾರದ ಕಾಯಿಲೆ, ಅಷ್ಟೇ. ಆಮೇಲೆ ಅಡಿವೆಪ್ಪ ತಾನೇ ಹಿಟ್ಟು ನಾದಿ ರೊಟ್ಟಿ ಬಡಿಯಲು ಕಲಿತ. ಡಬ್ಬಿಯಲ್ಲೀಗ ಅಂಚು ಒಡೆದ, ದಪ್ಪ ರೊಟ್ಟಿ. ಕಾರು ಈಗಲೂ ಮೈದಾನಕ್ಕೆ ಬೆನ್ನು ಮಾಡಿಯೇ ನಿಲ್ಲುತ್ತಿತ್ತು. ಅದನ್ನು ತಿರುಗಿಸಲು ಅವನಿಗೆ ಮನಸ್ಸಾಗಿರಲಿಲ್ಲ.

ಮರುವರ್ಷದ ಆಗಸ್ಟ್. ವಿಶ್ವಕಪ್‌ಗೆ ಹದಿನೈದು ದಿನವಿದ್ದಾಗ ಆಯ್ಕೆಯ ಕೊನೆಯ ಪಂದ್ಯ ಇಲ್ಲೇ ನಡೆಯಿತು. ಗೆರೆಯ ಬಳಿ ಅಭಯನೇ ಇದ್ದ. ಎರಡನೇ ಅರ್ಧದಲ್ಲಿ ಶೀತಲ್ ಒಬ್ಬಳನ್ನು ಕೆಡವಲು ಬಾಗಿದಳು, ಎದುರಿನವಳ ಮೊಣಕಾಲು ಕಿವಿಯ ಮೇಲೆ ತಾಕಿತು.

ಅಭಯ ಓಡಿಹೋದಾಗ ಎದ್ದು ನಿಂತಿದ್ದಳು. ಮೈದಾನ, ಅರ್ಧ, ಸ್ಕೋರ್... ಎಲ್ಲವೂ ಸರಿಯಾಗಿತ್ತು. ಅವಳ ಕೈ ಅವನ ಕೋಟಿನ ಅಂಚನ್ನು ಹಿಡಿದಿತ್ತು. ಪ್ರೀತಿಯಿಂದ ಹಿಡಿದಿದ್ದಾಳೆ ಎಂದುಕೊಂಡ ಅವನು.

“ಡಬ್ಬಿ ಕಟ್ಟಿದವರು ಯಾರು?”

“ಅವ್ವ,” ಎಂದಳು ಶೀತಲ್. ನಕ್ಕಳು ಕೂಡ.

ಅಭಯ ಅವಳನ್ನೇ ನೋಡುತ್ತಾ ನಿಂತ. ಆಮೇಲೆ ರೆಫರಿಯ ಕಡೆ ಕೈ ಎತ್ತಿದ.

ತಲೆಗೆ ಪೆಟ್ಟು ಎಂದು ಬರೆದರೆ ಮೂರು ವಾರ ಆಡುವಂತಿಲ್ಲ. ಅದು ಆಗಿನ ನಿಯಮ. ಅವನು ಬರೆದ. ವಿಶ್ವಕಪ್ ತಂಡದ ಪಟ್ಟಿಯಲ್ಲಿ ಶೀತಲ್‌ಳ ಹೆಸರು ಬರಲಿಲ್ಲ. ಎರಡು ದಿನ ಬಿಟ್ಟು ತೆಗೆದ ಸ್ಕ್ಯಾನ್‌ನಲ್ಲಿ ಏನೂ ಕಾಣಲಿಲ್ಲ. ಇಂಥ ಪೆಟ್ಟು ಸ್ಕ್ಯಾನ್‌ನಲ್ಲಿ ಕಾಣದೆಯೂ ಇರಬಹುದು ಎಂದು ಡಾಕ್ಟರು ಹೇಳಿದ್ದನ್ನು ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ.

ಅಡಿವೆಪ್ಪನಿಗೆ ಸಮಾಧಾನವಾಗಿತ್ತು. ಚಹಾ ಸೋಸುತ್ತಾ ಮಗಳಿಗೆ ಹೇಳಿಯೂ ಬಿಟ್ಟ: “ಛಲೋ ಆತು ಬಿಡವ್ವಾ. ಏನರ ಮಾಡಿ ಇದನ್ನ ಬಿಡಸಪಾ ಅಂತ ನಾ ಅಭಯಗ ಹೇಳಿದ್ದೆ.”

ಶೀತಲ್‌ಗೆ ಮತ್ತೇನೂ ಕೇಳಬೇಕೆನಿಸಲಿಲ್ಲ. ಅಂದರೆ... ಇಬ್ಬರೂ ಕೂಡಿ? ಸತ್ತ ಅವ್ವನನ್ನು ಮುಂದಿಟ್ಟುಕೊಂಡು?

ಅದೇ ಮಧ್ಯಾಹ್ನ ಕ್ಲಿನಿಕ್‌ಗೆ ಹೋದಳು. ಅವ್ವನನ್ನು ಕಳಕೊಂಡ ಯಾರ ಬಾಯಲ್ಲೂ ಆ ಮಾತು ಬರುತ್ತದೆ, ದುಃಖಕ್ಕೂ ಪೆಟ್ಟಿಗೂ ವ್ಯತ್ಯಾಸ ಗೊತ್ತಾಗದವನು ಎಂಥ ಫಿಜಿಯೋ ಎಂದು ಕೇಳಿದಳು. ಅಭಯನನ್ನೂ ಎರಡು ದಿನದಿಂದ ಕೊರೆಯುತ್ತಿದ್ದದ್ದು ಅದೇ ಪ್ರಶ್ನೆ.

“ಮೊದಲನೇ ದಿನಾನ ಹೇಳಿದ್ರಿ, ಮೋಸಾ ಮಾಡೂದ ನಿಮ್ಮ ಕೆಲಸ ಅಂತ,” ಎಂದಳು ಬಾಗಿಲಲ್ಲಿ ನಿಂತು. “ಇನ್ನ ನನ್ನ ಮುಂದ ಬರಬ್ಯಾಡ್ರಿ.”

ಅವನು ಬರಲಿಲ್ಲ. ಶನಿವಾರದ ಕೆಲಸವನ್ನೂ ಬಿಟ್ಟ.

ಎಡ್ಮಂಟನ್‌ನ ವಿಶ್ವಕಪ್ ಅವಳಿಲ್ಲದೆ ಮುಗಿಯಿತು. ಮರುವರ್ಷ ಏಳನೇ ಅಂಗಿಯಲ್ಲಿ ಬೇರೊಬ್ಬಳಿದ್ದಳು. ಶೀತಲ್ ಕ್ಲಬ್ಬಿಗೆ ಆಡಿದಳು, ಆದರೆ ಡಿಕ್ಕಿಗೆ ಮುಂಚೆ ಅರ್ಧ ಹೆಜ್ಜೆ ಹಿಂಜರಿಯುತ್ತಿದ್ದಳು. ಅದು ಬೇರೆ ಯಾರಿಗೂ ಕಾಣದಿದ್ದರೂ ಅವಳಿಗೆ ಗೊತ್ತಾಗುತ್ತಿತ್ತು. ದೇಶದ ಅಂಗಿ ಮತ್ತೆ ಮೈಗೆ ಬರಲಿಲ್ಲ. ನರ್ಸರಿಯಲ್ಲಿ ಎರಡು ಸಾಲು ಗಿಡ ಹೆಚ್ಚು ನೋಡಿಕೊಂಡಳು, ಹೈಸ್ಕೂಲು ಹುಡುಗಿಯರಿಗೆ ಆಟ ಕಲಿಸಿದಳು. ದಿನಗಳು ಹೋದವು.

ಎರಡು ಸಾವಿರದ ಒಂಬತ್ತರ ಅಕ್ಟೋಬರ್. ಅವಳು ಕಲಿಸುತ್ತಿದ್ದ ತಂಡದ ಹದಿನೈದು ವರ್ಷದ ಕನ್ನಡದ ಹುಡುಗಿ ವೇದಾ ಡಿಕ್ಕಿ ಹೊಡೆದು ಬಿದ್ದಳು. ಆ ದಿನ ಫಿಜಿಯೋ ಇರಲಿಲ್ಲ, ಶೀತಲ್‌ಳೇ ಓಡಿದಳು. ಹುಡುಗಿ ಎದ್ದು ಎಲ್ಲ ಪ್ರಶ್ನೆಗೂ ಇಂಗ್ಲಿಷಿನಲ್ಲಿ ಟಪಟಪನೆ ಉತ್ತರ ಕೊಟ್ಟಳು. ಕನ್ನಡದಲ್ಲಿ ಕೇಳಿದ್ದಕ್ಕೂ ಸರಿಯಾಗಿ ಹೇಳಿದಳು.

ಆದರೆ ಅವಳ ಕೈ ಶೀತಲ್‌ಳ ಜಾಕೆಟ್ಟಿನ ಅಂಚನ್ನು ಹಿಡಿದಿತ್ತು.

ಶೀತಲ್ ಆ ಕೈಯನ್ನೇ ನೋಡಿದಳು. ಬಿದ್ದುಹೋಗದಿರಲು ಹಿಡಿದ ಕೈ ಅದು. ಅದರ ಬಿಗಿ ಅವಳಿಗೆ ಗೊತ್ತಿತ್ತು. ಹುಡುಗಿಯನ್ನು ಹೊರಗೆ ಕರೆದುಕೊಂಡಳು. ವೇದಾ ಅಳುತ್ತಾ, ನಿಮ್ಮ ಮುಖ ಇನ್ನು ನೋಡುವುದಿಲ್ಲ ಎಂದಳು. ಅವಳ ತಾಯಿ ಬಂದು ಆಸ್ಪತ್ರೆಗೆ ಕರೆದೊಯ್ಯುವ ತನಕ ಶೀತಲ್ ಆ ಬೈಗುಳ ಕೇಳುತ್ತಾ ಪಕ್ಕದಲ್ಲೇ ಕೂತಿದ್ದಳು.

ಮನೆಗೆ ಬಂದು ಅಪ್ಪನಿಗೆ ಎಲ್ಲವನ್ನೂ ಹೇಳಿದಳು. ರೊಟ್ಟಿಯ ಹಿಟ್ಟು ನಾದುತ್ತಿದ್ದ ಅಡಿವೆಪ್ಪ ಕೈ ನಿಲ್ಲಿಸಿದ.

“ಅವತ್ತ ನಾ ಅರ್ಧಾ ಮಾತ ಹೇಳಿದ್ದೆ ಯವ್ವಾ,” ಎಂದ. “ನಾ ಕೇಳಿದ್ದು ಖರೇ. ನಿಮ್ಮವ್ವ ಹೋದ್ಲು, ನೀನರ ನೆಟ್ಟಗ ಉಳೀಲಿ ಅಂತ ಕೇಳಿದೆ. ಅಂವಾ ಒಲ್ಲೆ ಅಂದ. ಆಕಿ ಆಟಾ ಬಿಡಸಾಕ ನಾ ಯಾರ್ರಿ ಅಂದ. ನೀ ಮನ್ಯಾಗ ಉಳದಿ ಅಂತ ನಾ ಸುಮ್ಮನಾದೆ.”

ಶೀತಲ್ ಅಪ್ಪನ ಮೇಲೆ ಸಿಟ್ಟಾಗಲಿಲ್ಲ. ಅವಳೂ ಒಂದು ಮಾತನ್ನು ಮೂರು ವರ್ಷ ಮುಚ್ಚಿಟ್ಟುಕೊಂಡಿದ್ದಳು. ಅಪ್ಪನ ಕೈಯಿಂದ ಹಿಟ್ಟಿನ ಪರಾತ ತೆಗೆದುಕೊಂಡಳು.

ಮರುದಿನ ಮಧ್ಯಾಹ್ನ ಕ್ಲಿನಿಕ್‌ನಲ್ಲಿ ಅಭಯ ಒಬ್ಬನೇ ಇದ್ದ. ಕನ್ನಡಕ ಬಂದಿತ್ತು. ಅವಳನ್ನು ಕಂಡು ಎದ್ದ, ಏನು ಮಾಡಬೇಕೆಂದು ತಿಳಿಯದೆ ಕುರ್ಚಿಯೊಂದನ್ನು ಸರಿಸಿದ. ಅವಳು ಕೂರಲಿಲ್ಲ. ಅಪ್ಪ ಹೇಳಿದ್ದನ್ನು ಹೇಳಿದಳು.

“ಅದು ಬಿಡು,” ಎಂದ ಅಭಯ. “ನಂಗೆ ಇವತ್ತಿಗೂ ಗೊತ್ತಿಲ್ಲ ಶೀತಲ್. ಅದು ಪೆಟ್ಟೋ, ದುಃಖಾನೋ. ದುಃಖ ಆಗಿದ್ರೆ... ನಿನ್ನ ವಿಶ್ವಕಪ್ ಕಿತ್ಕೊಂಡವನು ನಾನೇ.”

“ನನಗ ಗೊತ್ತೈತಿ.”

ಅವನು ನೋಡಿದ.

“ಅವತ್ತ ನೀವು ಇಬ್ಬರು ಕಾಣಾಕ್ಹತ್ತಿದ್ರಿ. ಯಾರ ಮಾರಿ ನೋಡಿ ಉತ್ತರಾ ಹೇಳಬೇಕು ತಿಳೀಲಿಲ್ಲ. ಅದಕ್ಕ ಕೋಟ್ ಹಿಡಕೊಂಡೆ. ಗೊತ್ತಿದ್ದೂ ಮೂರು ವರ್ಷ ನಿಮ್ಮ ಮ್ಯಾಲೆ ಹೊರಿಸಿದೆ. ಇಲ್ಲಾಂದ್ರ ಆ ಸಿಟ್ಟನ್ನ ಯಾರ ಮ್ಯಾಲೆ ಇಡ್ಲಿ?”

ಅಭಯ ತಾನೇ ಸರಿಸಿದ್ದ ಕುರ್ಚಿಯಲ್ಲಿ ಕೂತುಬಿಟ್ಟ. ಕನ್ನಡಕ ತೆಗೆದು, ಒರೆಸುವುದನ್ನೂ ಮರೆತು ಕೈಯಲ್ಲೇ ಹಿಡಿದುಕೊಂಡ.

“ಈಗ?” ಎಂದ. “ಈಗ ಎಷ್ಟು ಜನ ಕಾಣ್ತೀನಿ?”

“ಒಬ್ರ.” ಅವಳು ಚೀಲದಿಂದ ಡಬ್ಬಿ ತೆಗೆದು ಅವನ ಮುಂದಿಟ್ಟಳು. “ಸ್ವಲ್ಪ ಬಡವಾಗೀರಿ.”

ಅವನು ಮುಚ್ಚಳದ ಮೇಲೆ ಕೈಯಿಟ್ಟ. ತೆಗೆಯಲಿಲ್ಲ. ಕೇಳಲೋ ಬೇಡವೋ ಎಂಬಂತೆ ಅವಳ ಮುಖ ನೋಡಿದ. ಶೀತಲ್ ಕಾಯುತ್ತಾ ನಿಂತಳು.

“ಡಬ್ಬಿ ಕಟ್ಟಿದವರು ಯಾರು?”

“ಅವ್ವ ಇಲ್ಲ,” ಎಂದಳು ಶೀತಲ್. ಆ ಎರಡು ಮಾತನ್ನು ಅವಳು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಕಣ್ಣೊರೆಸಿಕೊಂಡು ಅವನ ಪಕ್ಕ ಕೂತಳು. “ನಾನ ಕಟ್ಟೇನಿ. ರೊಟ್ಟಿ ದಪ್ಪ ಆಗ್ಯಾವ, ಸಾವಕಾಶ ತಿನ್ರಿ.”