ಬಿಡಲೊಲ್ಲದ ಪೆಡಲು

ನಾನು ದೆವ್ವ ಗಿವ್ವ ನಂಬುವವನಲ್ಲ. ಮಾರ್ಸಾಬಿಟ್ ಊರಿನ ನಮ್ಮ ಗ್ಯಾರೇಜಿಗೆ ಆ ಹಳೇ ಜೀಪು ಬಂದಾಗ ಅದರ ಡ್ರೈವರ್ ವಾರಿಯೋ ಸತ್ತು ವರ್ಷವಾಗಿತ್ತು. ಗುಡ್ಡದ ಇಳಿಜಾರಿನಲ್ಲಿ ಬ್ರೇಕು ಹಿಡಿದಿರಲಿಲ್ಲ. ಇನ್ನು ಮುಂದೆ ಅದನ್ನು ಓಡಿಸಬೇಕಾದವನು ನನ್ನ ಜೊತೆಗಾರ ಹಲಕೆ.

ಬ್ರೇಕಿನ ಎಣ್ಣೆ ಕೊಳವೆಯಲ್ಲಿ ಸೇರಿಕೊಂಡ ಗಾಳಿ ತೆಗೆಯುವುದು ಇಬ್ಬರ ಕೆಲಸ. ಒಬ್ಬ ಮೇಲೆ ಕೂತು ಪೆಡಲು ಒತ್ತಿ ಹಿಡಿಯಬೇಕು, ಇನ್ನೊಬ್ಬ ಕೆಳಗೆ ಮಲಗಿ ಚಕ್ರದ ಹತ್ತಿರದ ತಿರುಪು ಸಡಿಲಿಸಬೇಕು. ಮಟಮಟ ಮಧ್ಯಾಹ್ನ. ನಾನು ಗಾಡಿಯಡಿ ಮಲಗಿದ್ದೆ. ಬಾಗಿಲು ಹಾಕಿದ ಸದ್ದಾಯಿತು, ಗಾಡಿ ಒಂಚೂರು ತಗ್ಗಿತು.

"ಒತ್ತು ಹಲಕೆ" ಅಂದೆ. ಎಣ್ಣೆ ಚಿಮ್ಮಿತು. ತಿರುಪು ಬಿಗಿದು "ಬಿಡು" ಅಂದೆ. ಬಿಡಲಿಲ್ಲ.

"ಬಿಡೋ ಮಾರಾಯ, ಕಾಲಿಗೆ ಅಂಟು ಹಾಕ್ಕೊಂಡಿದ್ಯಾ?"

ಬಿಡೋದಕ್ಕೇ ಹೆದರಿದವನ ಹಾಗೆ ನಿಧಾನವಾಗಿ ಬಿಟ್ಟ. ನಾಲ್ಕೂ ಚಕ್ರಕ್ಕೆ ಹೀಗೇ ಆಯಿತು. ಕಾದ ನೆಲದ ಮೇಲೆ ನನ್ನ ಬೆನ್ನು ತಣ್ಣಗಾಗಿತ್ತು.

ಹೊರಗೆ ತೆವಳಿ ಬಂದರೆ ಹಲಕೆ ಚಹಾ ಹಿಡಿದು ಗೇಟಿನೊಳಗೆ ಬರುತ್ತಿದ್ದ. "ಯಾರಿಗಣ್ಣಾ ಬೈತಿದ್ದೆ? ಬಿಸಿಲು ನೆತ್ತಿಗೇರಿತಾ?" ಅಂತ ನಕ್ಕ. ಆಮೇಲೆ ಗಾಡಿ ಹತ್ತಿ ಪೆಡಲು ಒತ್ತಿ ನೋಡಿದ. ಕಲ್ಲಿನಷ್ಟು ಗಟ್ಟಿ, ಗಾಳಿಯೆಲ್ಲ ಹೋಗಿತ್ತು. ನಗು ನಿಂತಿತು. "ಒಬ್ಬನೇ ಹೇಗೆ ಮುಗಿಸ್ದೆ?"

ನಾನು ಚಹಾ ಕುಡಿದೆ.

ಆ ಬ್ರೇಕು ಇವತ್ತಿಗೂ ಕೈಕೊಟ್ಟಿಲ್ಲ. ಆದರೆ ಆ ಇಳಿಜಾರು ಬಂದಾಗ ಮಾತ್ರ, ಹಲಕೆ ಕಾಲು ತೆಗೆದ ಮೇಲೂ ಪೆಡಲು ಸ್ವಲ್ಪ ಹೊತ್ತು ಕೆಳಗೇ ಇರುತ್ತದೆ.